ಯಾರ ಹಾಲು ಕಲಬೆರಕೆ?

ಹಾಲಿಗೆ ಜಾತಿ ಇಲ್ಲ ಎಂದು ಹೇಳುವವರು ಹಾಲು ಹಿಂಡಿದವರಲ್ಲ. ಹಿಂಡಿದವರಿಗೆ ಗೊತ್ತು, ಎಮ್ಮೆಯ ಕೆಚ್ಚಲಿನಿಂದ ಚರಿಗೆಗೆ ಇಳಿಯುವ ತನಕ ಮಾತ್ರ ಹಾಲಿಗೆ ಜಾತಿ ಇರುವುದಿಲ್ಲ. ಚರಿಗೆ ಯಾರ ಮನೆಯದು, ಕ್ಯಾನು ಯಾರ ಸೈಕಲ್ಲಿಗೆ ತೂಗುಬಿದ್ದಿದೆ, ಯಾವ ಓಣಿಯಿಂದ ಹೊರಟು ಯಾವ ಓಣಿಗೆ ಹೋಗುತ್ತಿದೆ ಎಂದು ಕೇಳತೊಡಗಿದ ಕೂಡಲೇ ಅದಕ್ಕೆ ಜಾತಿ ಬರುತ್ತದೆ. ಹಿಂದೆ ಈ ಪ್ರಶ್ನೆಯನ್ನು ಊರಿನ ಗೌಡ ಕೇಳುತ್ತಿದ್ದ, ಕುಲಕರ್ಣಿ ಕೇಳುತ್ತಿದ್ದ. ಈಗ ಸರಕಾರದ ಗೆಜೆಟ್ಟು ಕೇಳುತ್ತಿದೆ. ಜಾತಿಯ ಹೆಸರು ಎತ್ತದೆ, ಸ್ವಚ್ಛತೆಯ ಹೆಸರು ಹೇಳಿ ಕೇಳುತ್ತಿದೆ. ನಮ್ಮ ತಕರಾರು ಇಷ್ಟೇ. ಅದನ್ನು ಇಲ್ಲಿ ಬಿಡಿಸಿ ಹೇಳುತ್ತೇವೆ.

ನಾವು ಉಣಕಲ್ಲಿನವರು. ಒಂದು ಕಾಲಕ್ಕೆ ಇದು ಕೆರೆಯ ದಂಡೆಯ ಹಳ್ಳಿ. 1962ರಲ್ಲಿ ಹುಬ್ಬಳ್ಳಿ, ಧಾರವಾಡ ಕೂಡಿ ಒಂದೇ ಪಾಲಿಕೆಯಾದ ಮೇಲೆ ನಡುವಿನ ಈ ಹಳ್ಳಿ ಪೇಟೆಯ ಹೊಟ್ಟೆಯೊಳಗೆ ಸೇರುತ್ತಾ ಹೋಯಿತು. ಕೆರೆಯ ದಂಡೆಗೆ ಉದ್ಯಾನ ಬಂತು, ದನ ಮೇಯುತ್ತಿದ್ದ ಬಯಲಿಗೆ ಲೇಔಟು ಬಂದವು, ಹೆದ್ದಾರಿ ಅಗಲವಾಯಿತು. 2018ರಲ್ಲಿ ಚಿಗರಿ ಬಸ್ಸು ಬಂತು. ಚಿಗರಿಗೆ ಹಾದಿ ಸಿಕ್ಕಿತು, ಎಮ್ಮಿಗಿದ್ದ ಹಾದಿ ಹೋತು ಅಂತ ನಮ್ಮ ಹಿರ್ಯಾರು ನಗತಾರ. ಆದರೂ ಊರೊಳಗ ಎಮ್ಮಿ ಅದಾವು. ಗೌಳಿಗರ ಹಟ್ಟಿಯಲ್ಲಿ ಹತ್ತಾರು, ಕೇರಿಯ ಮನೆಗಳಲ್ಲಿ ಒಂದೋ ಎರಡೋ. ಇವು ಹೊಲ ಇಲ್ಲದವರ ಎಮ್ಮೆಗಳು. ಕಣಿಕಿ ಕೊಂಡು ತಂದು, ಹಿಂಡಿ ಉದ್ದರಿ ತಂದು, ನಸುಕಿನಲ್ಲೆದ್ದು ಹಾಲು ಕರೆದು, ನಾಲ್ಕೋ ಐದೋ ಲೀಟರು ವಿದ್ಯಾನಗರದ ಮನೆಗಳಿಗೂ ಚಹಾದಂಗಡಿಗಳಿಗೂ ಹಾಕಿ ಬರುವವರ ಎಮ್ಮೆಗಳು. ಕೂಲಿ ಸಿಗದ ದಿನ ಒಲೆ ಹೊತ್ತುವುದು ಈ ರೊಕ್ಕದಿಂದ. ನಮ್ಮ ಪದವಿಯ ಕಾಗದದ ಮೇಲೆ ವಿಶ್ವವಿದ್ಯಾಲಯದ ಮುದ್ರೆ ಇದೆ. ನ್ಯಾಯವಾಗಿ ನೋಡಿದರೆ ಅದರ ಪಕ್ಕಕ್ಕೆ ಒಂದು ಎಮ್ಮೆಯ ಗೊರಸಿನ ಗುರುತೂ ಇರಬೇಕಿತ್ತು.

ಗೌಳಿಗರೂ ನಾವೂ ಒಂದೇ ಅಲ್ಲ. ಅವರು ನಮ್ಮ ಮನೆಯ ನೀರು ಮುಟ್ಟದ ಕಾಲವಿತ್ತು, ಕೆಲವು ಕಡೆ ಇನ್ನೂ ಇದೆ. ಆದರೆ ಕ್ಯಾನು ಹಿಡಿದು ನಿಲ್ಲಿಸುವ ದಿನ ಇಬ್ಬರೂ ನಿಲ್ಲುವುದು ಒಂದೇ ಸಾಲಿನಲ್ಲಿ. ಆದ್ದರಿಂದ ಈ ಮಾತು ಅವರಿಗೂ ಸೇರಿದ್ದು.

*

ಮೊದಲು ಕಾಯ್ದೆ ಏನು ಹೇಳುತ್ತದೆ ನೋಡೋಣ. ನಮ್ಮ ಮಂದಿಗೆ ಕಾಯ್ದೆ ಅಂದರೆ ಖಾಕಿ ಅಂಗಿ. ಅದನ್ನು ಓದಿ ಹೇಳುವುದು ಅಕ್ಷರ ಕಲಿತ ನಮ್ಮ ಪಾಲಿನ ಕೆಲಸ.

ಹಾಲಿಗೆ ಇವತ್ತು ಅನ್ವಯಿಸುವುದು 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ. ಅದು ಜಾರಿಗೆ ಬಂದದ್ದು 2011ರ ಆಗಸ್ಟ್ 5ರಂದು. ಈ ಕಾಯ್ದೆಯಲ್ಲಿ ಹಸಿ ಹಾಲು ಮಾರುವುದು ಅಪರಾಧವಲ್ಲ. ಇದನ್ನು ಗಟ್ಟಿಯಾಗಿ ನೆನಪಿಡಿರಿ. ಯಾಕೆಂದರೆ ಕ್ಯಾನು ತಡೆಯುವವರು ಮೊದಲು ಹೇಳುವುದೇ “ಪಾಕೀಟ ಇಲ್ಲದ ಹಾಲು ಮಾರೂದು ಬಂದ್ ಆಗೈತಿ” ಎನ್ನುವ ಸುಳ್ಳು. ಬಂದ್ ಆಗಿಲ್ಲ. ಕಾಯ್ದೆಯ 18ನೆಯ ಕಲಮಿನ 3ನೆಯ ಉಪಕಲಮು ರೈತನನ್ನೂ ಅವನ ಬೇಸಾಯವನ್ನೂ ದನಕರುಗಳನ್ನೂ ಈ ಕಾಯ್ದೆಯ ಹೊರಗೇ ಇಟ್ಟಿದೆ. 3ನೆಯ ಕಲಮಿನಲ್ಲಿ ಪ್ರಾಥಮಿಕ ಆಹಾರದ ವ್ಯಾಖ್ಯೆ ಇದೆ. ಅದರೊಳಗೆ ಹೈನೂ ಬರುತ್ತದೆ. ಸಹಜ ರೂಪದಲ್ಲಿರುವ ಅಂಥ ಪದಾರ್ಥ ರೈತನಲ್ಲದವನ ಕೈಗೆ ಬಂದಾಗ ಮಾತ್ರ ಕಾಯ್ದೆಯ ಆಹಾರವಾಗುತ್ತದೆ. ಅಂದರೆ ಪಾರ್ಲಿಮೆಂಟು ಒಂದು ಮಟ್ಟಿಗೆ ನಮ್ಮನ್ನು ನಮ್ಮ ಪಾಡಿಗೆ ಬಿಟ್ಟಿತ್ತು.

ಕಾಯ್ದೆ ಬಿಟ್ಟವನನ್ನು ನಿಯಮ ಹಿಡಿದು ತಂದಿತು. 2011ರ ಪರವಾನಗಿ ಮತ್ತು ನೋಂದಣಿ ನಿಯಮಗಳು ಪ್ರತಿಯೊಬ್ಬ ಸಣ್ಣ ಆಹಾರ ವ್ಯಾಪಾರಿಯೂ ನೋಂದಣಿ ಮಾಡಿಸಬೇಕು ಎಂದವು. ಸಣ್ಣವ ಎಂದರೆ ಯಾರು? ಆ ನಿಯಮಗಳ ಪ್ರಕಾರ ವರ್ಷಕ್ಕೆ 12 ಲಕ್ಷ ರೂಪಾಯಿ ತನಕ ವಹಿವಾಟು ಇರುವವ, ಹಾಲಾದರೆ ದಿನಕ್ಕೆ 500 ಲೀಟರು ತನಕ ಕೂಡಿಸುವವ. ಐನೂರು ಲೀಟರಿನ ವ್ಯಾಪಾರಿಯೂ ಐದು ಲೀಟರಿನ ಮುದುಕಿಯೂ ಒಂದೇ ತೆಕ್ಕೆಗೆ ಬಂದರು. ಅದೇ ನಿಯಮದ ಕೊನೆಗೆ ಒಂದು ವಿನಾಯಿತಿ ಬರೆದಿದ್ದಾರೆ. ಸಹಕಾರಿ ಹಾಲು ಸಂಘದ ನೋಂದಾಯಿತ ಸದಸ್ಯನಾಗಿದ್ದು, ತನ್ನ ಪೂರ್ತಿ ಹಾಲನ್ನು ಸಂಘಕ್ಕೇ ಹಾಕುವ ಉತ್ಪಾದಕನಿಗೆ ನೋಂದಣಿ ಬೇಡ.

ಇಲ್ಲಿ ಎರಡು ಶಬ್ದಗಳನ್ನು ನಿಂತು ನೋಡಿರಿ. ಒಂದು, ಸದಸ್ಯ. ಇನ್ನೊಂದು, ಪೂರ್ತಿ. ಸಂಘದ ಪುಸ್ತಕದಲ್ಲಿ ಹೆಸರಿದ್ದವನಿಗೆ ಮಾಫಿ. ಹೆಸರಿಲ್ಲದವನು ಅದೇ ಎಮ್ಮೆಯ ಅದೇ ಹಾಲಿಗೆ ಅರ್ಜಿ ಬರೆಯಬೇಕು, ಫೋಟೋ ಹಚ್ಚಬೇಕು, ಫೀ ತುಂಬಬೇಕು. ಸದಸ್ಯನಾಗಿದ್ದವನು ಕೂಡ ಬಾಣಂತಿ ಇರುವ ನೆರೆಮನೆಗೆ ಒಂದು ಲೀಟರು ಮಾರಿದರೆ ಅವನ ‘ಪೂರ್ತಿ’ ಅಲ್ಲಿಗೆ ಹರಿಯಿತು. ನೂರು ರೂಪಾಯಿ ಫೀಗೆ ಇಷ್ಟು ಗದ್ದಲ ಯಾಕೋ ತಮ್ಮಾ ಎಂದು ಕೇಳುವವರಿದ್ದಾರೆ. ಫೀ ನೂರೇ ಇದ್ದಿರಬಹುದು. ಅರ್ಜಿ ಕಂಪ್ಯೂಟರಿನಲ್ಲಿದೆ, ಕಂಪ್ಯೂಟರು ಪೇಟೆಯಲ್ಲಿದೆ, ಅದರ ಭಾಷೆ ನಮ್ಮವ್ವನ ಭಾಷೆಯಲ್ಲ, ಅರ್ಜಿ ತುಂಬಿಕೊಡುವವನ ಕೂಲಿ ಬೇರೆ, ಅವತ್ತು ತಪ್ಪಿದ ದಿನದ ಕೂಲಿ ಬೇರೆ. ಆದರೆ ನಮ್ಮ ತಕರಾರು ರೊಕ್ಕದ್ದಲ್ಲ. ಮಾಫಿಯ ಬಾಗಿಲನ್ನು ಸಂಘದ ಕಟ್ಟಡಕ್ಕೆ ಕೂಡಿಸಿದರಲ್ಲ, ಆ ಬಾಗಿಲಲ್ಲಿ ಯಾರು ಕೂತಿದ್ದಾರೆ ಎನ್ನುವುದು ನಮ್ಮ ತಕರಾರು.

*

ಧಾರವಾಡ ಸೀಮೆಯ ಒಂದು ಹಳ್ಳಿಯ ಹೆಣ್ಣುಮಗಳು ನಮಗೆ ಹೇಳಿದ ಮಾತು ಇದು. ಆಕೆ ಸಾಲ ಮಾಡಿ ಎಮ್ಮಿ ತಂದಳು. ಕ್ಯಾನು ತುಂಬಿಕೊಂಡು ಸಂಘಕ್ಕೆ ಹೋದಳು. ಬ್ಯಾಡ ಅಂತ ಯಾರೂ ಅನಲಿಲ್ಲ. ಹಾಲಿನಲ್ಲಿ ಕಡ್ಡಿ ಬಿಟ್ಟು ನೋಡಿದರು. “ಇವತ್ತ ಡಿಗ್ರಿ ಬರವಲ್ದು ನೋಡಬೇ” ಎಂದರು. ಮರುದಿನವೂ ಬರಲಿಲ್ಲ. ಎಂಟು ದಿನ ಡಿಗ್ರಿ ಬರಲಿಲ್ಲ. ಒಂಬತ್ತನೆಯ ದಿನ ಅದೇ ಎಮ್ಮಿಯ ಹಾಲನ್ನು ಮೇಲಿನ ಓಣಿಯ ಒಬ್ಬ ಹುಡುಗನ ಕೈಯಲ್ಲಿ ಕಳಿಸಿದಳು. ಡಿಗ್ರಿ ಬಂತು! ಕಡ್ಡಿ ಗಾಜಿನದು, ಅದಕ್ಕೆ ಜಾತಿ ತಿಳಿಯುವುದಿಲ್ಲ. ಕಡ್ಡಿ ಹಿಡಿದ ಕೈಗೆ ಬಹಳ ಚೆನ್ನಾಗಿ ತಿಳಿಯುತ್ತದೆ. ಆಮೇಲೆ ಏನಾಯಿತು? ಆ ಹುಡುಗನ ಮನೆಯವರ ಪಾಸ್‌ಬುಕ್ಕಿನಲ್ಲಿ ಆಕೆಯ ಹಾಲು ಬರೆಯಿಸಲ್ಪಟ್ಟಿತು. ಲೀಟರಿಗೆ ಇಂತಿಷ್ಟು ಎಂದು ಅವರು ಮುರಿದುಕೊಂಡು ಉಳಿದದ್ದನ್ನು ಈಕೆಯ ಸೆರಗಿಗೆ ಹಾಕಿದರು. ಜೀತ ಹೋಯಿತು ಎನ್ನುವವರು ಈ ಪಾಸ್‌ಬುಕ್ಕನ್ನು ಒಮ್ಮೆ ತೆರೆದು ನೋಡಲಿ.

ಇದು ಒಂದು ಊರಿನ ಕಥೆ ಎಂದು ತಳ್ಳಿಹಾಕಬೇಡಿರಿ. ಘನಶ್ಯಾಮ ಶಾ, ಹರ್ಷ ಮಂದರ್, ಸುಖದೇವ ಥೋರಾಟ್ ಮೊದಲಾದವರು 11 ರಾಜ್ಯಗಳ 565 ಹಳ್ಳಿಗಳಲ್ಲಿ ನಡೆದ ಸಮೀಕ್ಷೆಯನ್ನು 2006ರಲ್ಲಿ ಪುಸ್ತಕವಾಗಿ ಹೊರತಂದರು. ಗ್ರಾಮೀಣ ಭಾರತದ ಅಸ್ಪೃಶ್ಯತೆಯ ಲೆಕ್ಕ ಅದು. ಹಾಲಿನ ಸಂಘಗಳಿದ್ದ ಹಳ್ಳಿಗಳಲ್ಲಿ ಅರ್ಧಕ್ಕೆ ಹತ್ತಿರದಷ್ಟು ಕಡೆ ದಲಿತರು ಸಂಘಕ್ಕೆ ಹಾಲು ಹಾಕುವುದಕ್ಕೆ ತಡೆ ಇತ್ತು. ಅದೇ 2006ನೆಯ ಇಸವಿಯಲ್ಲಿ ದಿಲ್ಲಿಯಲ್ಲಿ ಆಹಾರದ ಕಾಯ್ದೆ ಪಾಸಾಯಿತು. ಐದು ವರ್ಷದ ಮೇಲೆ ನಿಯಮ ಬರೆದವರು, ಸಂಘದ ಸದಸ್ಯನಾದರೆ ಮಾಫಿ ಎಂದರು. ಆ ಪುಸ್ತಕವನ್ನು ಅವರಲ್ಲಿ ಯಾರೂ ತೆರೆದಿರಲಿಲ್ಲವೇ? ತೆರೆದೂ ಬರೆದಿದ್ದರೆ ಅದಕ್ಕೆ ಬೇರೆ ಹೆಸರಿದೆ.

ಮಾಫಿ ಒಂದೇ ಅಲ್ಲ. ರಾಜ್ಯ ಸರಕಾರ 2008ರಲ್ಲಿ ಹಾಲಿಗೆ ಲೀಟರಿಗೆ 2 ರೂಪಾಯಿ ಪ್ರೋತ್ಸಾಹಧನ ಸುರು ಮಾಡಿತು. ಅದು ಏರಿ 5 ರೂಪಾಯಿಯಾಯಿತು. ಸಂತೋಷ. ಆದರೆ ಅದು ಸಂಘಕ್ಕೆ ಹಾಕಿದ ಹಾಲಿಗೆ ಮಾತ್ರ. ಬಾಗಿಲಲ್ಲಿ ‘ಡಿಗ್ರಿ’ ಬರದವರಿಗೆ ಈ ಐದು ರೂಪಾಯಿಯೂ ಇಲ್ಲ, ನೋಂದಣಿಯ ಮಾಫಿಯೂ ಇಲ್ಲ. ಹೀಗೆ ಹೊರಗೆ ತಳ್ಳಿದವರನ್ನು ಹೊರಗಿದ್ದೀರಿ ಎಂದು ಹಿಡಿಯುತ್ತಾರೆ.

ಕೊಳ್ಳದಿದ್ದರೆ ಅದು ಅವರ ಮರ್ಜಿ, ಅದಕ್ಕೆ ಕಾಯ್ದೆ ಏನು ಮಾಡುತ್ತದೆ ಎನ್ನುತ್ತಾರೆ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 6ನೆಯ ಕಲಮು ಅಸ್ಪೃಶ್ಯತೆಯ ಕಾರಣಕ್ಕೆ ಸಾಮಾನು ಮಾರಲು ಒಲ್ಲೆ ಎನ್ನುವುದನ್ನು ಅಪರಾಧ ಎಂದಿತು. ದಲಿತನಿಂದ ಕೊಳ್ಳಲು ಒಲ್ಲೆ ಎನ್ನುವುದನ್ನು ಅದು ಹೇಳಲಿಲ್ಲ. ದಲಿತನ ಹತ್ತಿರ ಮಾರುವುದಕ್ಕೆ ಏನಾದರೂ ಇದ್ದೀತು ಎಂದು ಆ ಕಾಲಕ್ಕೆ ಅವರಿಗೆ ಹೊಳೆಯಲಿಲ್ಲವೋ ಏನೋ! ಆದರೆ 1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ಬಂತು, 2016ರ ಜನವರಿ 26ರಿಂದ ಜಾರಿಯಾಯಿತು. ಅದರಲ್ಲಿ ಆರ್ಥಿಕ ಬಹಿಷ್ಕಾರ ಅಪರಾಧ. ವ್ಯವಹಾರ ಮಾಡಲು ಒಲ್ಲೆ ಎನ್ನುವುದು ಅದರ ವ್ಯಾಖ್ಯೆಯೊಳಗೇ ಇದೆ. ಜಾತಿಯ ಕಾರಣಕ್ಕೆ ವಾಪಸು ಕಳಿಸಿದ ಪ್ರತಿ ಕ್ಯಾನೂ ಒಂದು ಫಿರ್ಯಾದು. ಬರೆಯುವವರು ಬೇಕು.

*

ಇನ್ನು ಕಲಬೆರಕೆಯ ಮಾತು. ಈ ಶಬ್ದವನ್ನು ನಾವು ಹಾಲಿಗಿಂತ ಮೊದಲು ನಮ್ಮ ಮೇಲೆ ಕೇಳಿದ್ದೇವೆ. ಜಾತಿ ಮೀರಿ ಮದುವೆಯಾದವರ ಕೂಸಿಗೆ ‘ಬೆರಕಿ’ ಎನ್ನುವ ಊರು ಇದು. ಶುದ್ಧ ಯಾವುದು, ಬೆರಕೆ ಯಾವುದು ಎಂದು ತೀರ್ಮಾನಿಸುವ ಹಕ್ಕನ್ನು ಸಾವಿರ ವರ್ಷದಿಂದ ಯಾರು ಹಿಡಿದುಕೊಂಡು ಕೂತಿದ್ದಾರೋ ಹಾಲಿನ ವಿಷಯದಲ್ಲೂ ಅವರದೇ ಮಾತು ನಡೆಯುತ್ತದೆ.

1954ರ ಕಲಬೆರಕೆ ತಡೆ ಕಾಯ್ದೆಯನ್ನು ನೆನೆಯಿರಿ. 1976ರ ತಿದ್ದುಪಡಿಯ ಮೇಲೆ ಅದರಲ್ಲಿ ಕಡಿಮೆ ಎಂದರೂ 6 ತಿಂಗಳು ಜೈಲು, 1,000 ರೂಪಾಯಿ ದಂಡ. ನೀರು ಹಾಕಿದ್ದನ್ನು ಕಣ್ಣಾರೆ ತೋರಿಸಬೇಕಾಗಿರಲಿಲ್ಲ. ಕೊಬ್ಬಿನ ಅಂಕಿ, ಘನಾಂಶದ ಅಂಕಿ ಇಷ್ಟಕ್ಕಿಂತ ಕಡಿಮೆ ಬಂತೇ, ಹಾಲು ಕಲಬೆರಕೆ. ಬೇಸಿಗೆಯಲ್ಲಿ ಒಣ ಕಣಿಕಿ ತಿಂದ ಎಮ್ಮೆ, ಕರು ಸತ್ತ ಎಮ್ಮೆ, ರೋಗ ಬಿದ್ದೆದ್ದ ಎಮ್ಮೆ ಕೊಡುವ ಹಾಲು ಗೆಜೆಟ್ಟಿನ ಅಂಕಿ ನೋಡಿಕೊಂಡು ಇಳಿಯುವುದಿಲ್ಲ. ಎಮ್ಮೆಗೆ ಮೇವು ಕಡಿಮೆಯಾದರೆ ಯಜಮಾನನಿಗೆ ಜೈಲು. ಆ ಕಾಯ್ದೆ 2011ರಲ್ಲಿ ಹೋಯಿತು. ಈಗಿನ ಕಾಯ್ದೆಯ 51ನೆಯ ಕಲಮಿನಲ್ಲಿ ಗುಣಮಟ್ಟ ಕಡಿಮೆ ಬಂದದ್ದಕ್ಕೆ 5 ಲಕ್ಷ ರೂಪಾಯಿ ತನಕ ದಂಡ ಬರೆದಿದೆ. ಐದು ಲಕ್ಷ! ಐದು ಲೀಟರಿನವಳು ಅಷ್ಟು ರೊಕ್ಕವನ್ನು ಕನಸಿನಲ್ಲೂ ಕಂಡಿಲ್ಲ.

ಈಗ ಪೇಟೆಯ ಅಂಗಡಿಗೆ ಬನ್ನಿರಿ. ಪಾಕೀಟಿನ ಮೇಲೆ ‘ಟೋನ್ಡ್’ ಎಂದು ಬರೆದಿರುತ್ತದೆ. ಇದು 1946ರಲ್ಲಿ ಮುಂಬಯಿಯಲ್ಲಿ ಡಿ. ಎನ್. ಖುರೋಡಿ ಎಂಬ ಅಧಿಕಾರಿ ಬೆಳಕಿಗೆ ತಂದ ಹಾಲು. ಎಮ್ಮೆಯ ಗಟ್ಟಿ ಹಾಲಿಗೆ ನೀರು ಬೆರೆಸಿ, ಕೆನೆ ತೆಗೆದ ಹಾಲಿನ ಪುಡಿ ಬೆರೆಸಿ, ಹೆಚ್ಚು ಮಂದಿಗೆ ಅಗ್ಗವಾಗಿ ಮುಟ್ಟಿಸುವ ಉಪಾಯ. ಆ ಉದ್ದೇಶವನ್ನು ನಾವು ಹಳಿಯುವುದಿಲ್ಲ. ಅಗ್ಗದ ಹಾಲು ಕುಡಿದವರು ನಮ್ಮವರೇ. ಅದರ ಅಳತೆ ಕೊಬ್ಬು ಶೇಕಡಾ 3, ಕೊಬ್ಬಲ್ಲದ ಘನಾಂಶ 8.5. ಆಕಳ ಹಾಲಿಗೆ ಇಟ್ಟ ಅಳತೆ ಕೊಬ್ಬು 3.2, ಘನಾಂಶ 8.3. ಅಂದರೆ 3.1 ಕೊಬ್ಬಿನ ಹಸಿ ಹಾಲು ಆಕಳ ಹಾಲಿನ ಹೆಸರಲ್ಲಿ ಮಾರಿದರೆ ಕಳಪೆ. ಅದಕ್ಕಿಂತ ಕಡಿಮೆ ಕೊಬ್ಬಿನದು ಟೋನ್ಡ್ ಎಂದು ಅಚ್ಚುಹಾಕಿದ ಪಾಕೀಟಿನೊಳಗೆ ಕೂತರೆ ಕಾಯ್ದೆಬದ್ಧ. ಅವರು ಹೆಸರು ಬರೆದು ಮಾರುತ್ತಾರೆ, ಗೌಳಿ ಮುಚ್ಚಿಟ್ಟು ಮಾರುತ್ತಾನೆ ಎಂದು ಉತ್ತರ ಬರುತ್ತದೆ. ನಿಜ, ಮುಚ್ಚಿಡುವುದು ಮೋಸ. ಆದರೆ ಗೌಳಿ ತನ್ನ ಕ್ಯಾನಿನ ಮೇಲೆ ‘ಒಂದು ಪಾಲು ನೀರು, ಅದಕ್ಕೆ ತಕ್ಕ ದರ’ ಎಂದು ಬರೆದು ಮಾರಲು ಯಾವ ನಿಯಮದಲ್ಲಿ ಜಾಗವಿದೆ? ಹೆಸರಿಡುವ ಹಕ್ಕು ಯಂತ್ರ ಇದ್ದವರಿಗೆ. ಅವರು ಬೆರೆಸಿದರೆ ವಿಜ್ಞಾನ, ನಾವು ಬೆರೆಸಿದರೆ ಪಾಪ.

ಕಲಬೆರಕೆಯನ್ನು ಸರಕಾರವೇ ಅಳೆದು ನೋಡಿದೆ. 2018ರ ಮೇಯಿಂದ ಅಕ್ಟೋಬರ್ ತನಕ ಆಹಾರ ಪ್ರಾಧಿಕಾರ ದೇಶದ ಪಟ್ಟಣಗಳಿಂದ 6,432 ಹಾಲಿನ ಮಾದರಿ ತೆಗೆಸಿತು. ವರದಿ 2019ರಲ್ಲಿ ಬಂತು. ಜೀವಕ್ಕೆ ಅಪಾಯವಾಗುವಂಥ ಕಲಬೆರಕೆ ಕಂಡದ್ದು 12 ಮಾದರಿಗಳಲ್ಲಿ. ದನಕ್ಕೆ ಚುಚ್ಚಿದ ಔಷಧದ ಶೇಷ ಮಿತಿ ಮೀರಿದ್ದು 77ರಲ್ಲಿ. ಎಲ್ಲಕ್ಕಿಂತ ದೊಡ್ಡ ಅಂಕಿ ಇನ್ನೊಂದು. 368 ಮಾದರಿಗಳಲ್ಲಿ, ಅಂದರೆ ಶೇಕಡಾ 5.7ರಲ್ಲಿ, ಅಫ್ಲಾಟಾಕ್ಸಿನ್ ಎಂಬ ಬೂಷ್ಟಿನ ವಿಷ ಮಿತಿ ಮೀರಿತ್ತು. ಆ ವಿಷ ಹೆಚ್ಚು ಕಂಡದ್ದು ಹಸಿ ಹಾಲಿನಲ್ಲಲ್ಲ, ಸಂಸ್ಕರಿಸಿದ ಹಾಲಿನಲ್ಲಿ ಎಂದು ಪ್ರಾಧಿಕಾರವೇ ಹೇಳಿತು. ಕಾಸಿದರೂ ಅದು ಹೋಗುವುದಿಲ್ಲ, ಪಾಶ್ಚರೀಕರಣಕ್ಕೂ ಹೋಗುವುದಿಲ್ಲ. ಸಾವಿರ ಮನೆಯ ಹಾಲು ಒಂದೇ ಟ್ಯಾಂಕಿಗೆ ಬಿದ್ದರೆ ಬೂಷ್ಟು ಯಾವ ಮನೆಯದೆಂದು ಹುಡುಕುವುದು ಹೇಗೆ? ಕೋತಿ ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತು ಎನ್ನುವ ಗಾದೆ ಸುಮ್ಮನೆ ಹುಟ್ಟಿಲ್ಲ.

ಆ ವಿಷ ಬರುವುದು ಬೂಷ್ಟು ಹಿಡಿದ ಮೇವಿನಿಂದ, ಹಿಂಡಿಯಿಂದ, ಬೂಸಾದಿಂದ. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಎಂದಾಗ ನಾಡಿನ ವಿದ್ಯಾವಂತರು ಬೀದಿಗಿಳಿದರು, ದಲಿತ ಹುಡುಗರನ್ನು ಹೊಡೆದರು, ಮಂತ್ರಿಯ ಕುರ್ಚಿ ಹೋಯಿತು. ಸಾಹಿತ್ಯದ ಮೈಲಿಗೆಗೆ ಅಷ್ಟು ಸಿಟ್ಟಾದವರು ನಿಜವಾದ ಬೂಸಾ ಬೂಷ್ಟು ಹಿಡಿದಾಗ ಎಲ್ಲಿದ್ದರು? ಹಿಂಡಿ ಮಾರುವ ಗೋದಾಮು ಯಾರದು, ಮಳೆಗಾಲದಲ್ಲಿ ಅದರ ಚೀಲ ಬಿಚ್ಚಿ ನೋಡುವ ಇನ್ಸ್‌ಪೆಕ್ಟರು ಯಾರು? ತುದಿಯಲ್ಲಿ ನಿಂತ ಕ್ಯಾನನ್ನು ಹಿಡಿಯುವುದು ಸುಲಭ. ಬುಡದ ಗೋದಾಮಿಗೆ ಬೀಗ ಇರುತ್ತದೆ.

*

ಹಸಿ ಹಾಲು ಅಪಾಯ ಎನ್ನುವ ಸಮಾಜ ಅದನ್ನು ಎಲ್ಲೆಲ್ಲಿ ಅಪಾಯವಲ್ಲ ಎನ್ನುತ್ತದೆ ನೋಡಿರಿ. ಲಿಂಗದ ತಲೆಯ ಮೇಲೆ ಸುರಿಯುವುದಕ್ಕೆ ಕಾಯಿಸದ ಹಾಲೇ ಆಗಬೇಕು, ಕಾಸಿದ್ದು ನಡೆಯುವುದಿಲ್ಲ. ಪಂಚಮಿಯ ದಿನ ಹುತ್ತದ ಬಾಯಿಗೆ ಹೊಯ್ಯುವುದಕ್ಕೂ ಹಸಿ ಹಾಲೇ. ಹಾವು ಹಾಲು ಕುಡಿಯುವುದಿಲ್ಲ, ಆ ಹಾಲನ್ನು ಕೂಸುಗಳಿಗೆ ಕೊಡಿರಿ ಎಂದು ನಮ್ಮ ಭಾಗದ ಸಂಘಟನೆಗಳು ವರ್ಷಾ ವರ್ಷಾ ಹೇಳುತ್ತಾ ಬಂದಿವೆ. ದೊಡ್ಡ ಪೇಟೆಗಳಲ್ಲಿ ಇನ್ನೊಂದು ಜಾತಿಯ ಹಸಿ ಹಾಲಿದೆ. ಗಾಜಿನ ಬಾಟಲಿ, ಬಾಟಲಿಯ ಕೊರಳಿಗೆ ನಾಟಿ ಆಕಳ ಚಿತ್ರ, ದರ ಪಾಕೀಟಿನ ಎರಡು ಪಟ್ಟು. ಅದು ಆರೋಗ್ಯ. ನಮ್ಮ ಅಲ್ಯುಮಿನಿಯಂ ಕ್ಯಾನಿನದು ರೋಗ. ಹಾಲು ಎರಡರಲ್ಲೂ ಹಸಿಯದೇ. ಹಿಡಿದ ಕೈ ಬೇರೆ.

ಬಾಬಾಸಾಹೇಬರು 1936ರ ‘ಜಾತಿ ವಿನಾಶ’ದಲ್ಲಿ ಜಯಪುರ ಸಂಸ್ಥಾನದ ಚಕ್ವಾರಾ ಎಂಬ ಊರಿನ ಸಂಗತಿ ಬರೆದಿದ್ದಾರೆ. ತೀರ್ಥಯಾತ್ರೆ ಮುಗಿಸಿ ಬಂದ ಒಬ್ಬ ಅಸ್ಪೃಶ್ಯ ತನ್ನವರಿಗೆ ಊಟ ಹಾಕಿಸಿದ. ಅಡುಗೆಗೆ ತುಪ್ಪ ಹಾಕಿಸಿದ್ದ. ಉಣ್ಣುತ್ತಿದ್ದವರ ಮೇಲೆ ನೂರಾರು ಸವರ್ಣೀಯರು ಲಾಠಿ ಹಿಡಿದು ಬಿದ್ದರು. ತುಪ್ಪ ಅವನದು, ರೊಕ್ಕ ಅವನದು, ಉಣ್ಣುವವರು ಅವನವರು. ಆದರೂ ಅಪರಾಧ. ಹೈನು ಎನ್ನುವುದು ಈ ದೇಶದಲ್ಲಿ ಎಂದೂ ಬರೀ ಆಹಾರವಾಗಿಲ್ಲ, ಅದು ಅಂತಸ್ತು. ಅವತ್ತು ತುಪ್ಪ ಉಣ್ಣುವುದಕ್ಕೆ ಲಾಠಿ ಬಿತ್ತು. ಇವತ್ತು ಹಾಲು ಮಾರುವುದಕ್ಕೆ ನೋಟೀಸು ಬರುತ್ತದೆ. ಎಮ್ಮೆ ಕಾಯುವುದಕ್ಕೆ, ಸಗಣಿ ಬಾಚುವುದಕ್ಕೆ, ಸತ್ತ ದನ ಎಳೆಯುವುದಕ್ಕೆ ಮಾತ್ರ ಯಾವ ಕಾಲಕ್ಕೂ ನಮಗೆ ನೋಂದಣಿ ಬೇಕಾಗಲಿಲ್ಲ.

ಎಮ್ಮೆಗೆ ಮಾತ್ರ ಮರ್ಯಾದೆ ಬಂದಿದೆ. ನಮ್ಮ ಧಾರವಾಡಿ ಎಮ್ಮೆಗೆ 2021ರಲ್ಲಿ ರಾಷ್ಟ್ರೀಯ ತಳಿ ಎಂಬ ಮಾನ್ಯತೆ ಸಿಕ್ಕಿತು. ಧಾರವಾಡ ಪೇಢೆಗೆ ಭೌಗೋಳಿಕ ಗುರುತಿನ ಪಟ್ಟಿ ಮೊದಲೇ ಸಿಕ್ಕಿತ್ತು. ಆ ಪೇಢೆಯ ರುಚಿ ಗೌಳಿಗರು ಸಾಕಿದ ಎಮ್ಮೆಯ ಹಾಲಿನದು ಎಂದು ಹೆಮ್ಮೆಯಿಂದ ಬರೆಯುತ್ತಾರೆ. ಕಲಘಟಗಿಯ ಕಾಡಂಚಿನ ದನಗರ ಗೌಳಿಗಳು ತಮ್ಮನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿರಿ ಎಂದು ಎಷ್ಟೋ ವರ್ಷದಿಂದ ಕೇಳುತ್ತಲೇ ಇದ್ದಾರೆ. ತಳಿಗೆ ಮಾನ್ಯತೆ ಸಿಕ್ಕಿತು, ಪೇಢೆಗೆ ಸಿಕ್ಕಿತು, ಮನುಷ್ಯನ ಅರ್ಜಿ ಮಾತ್ರ ಇನ್ನೂ ಕಚೇರಿಯಲ್ಲಿದೆ. ಆಕಳಿಗಂತೂ 2022ರಲ್ಲಿ ಪುಣ್ಯಕೋಟಿ ದತ್ತು ಯೋಜನೆ ಬಂತು, ವರ್ಷಕ್ಕೆ 11,000 ರೂಪಾಯಿ ಕೊಟ್ಟು ಒಂದು ದನವನ್ನು ದತ್ತು ಪಡೆಯಿರಿ ಎಂದರು. ಅದಕ್ಕೂ ಮೊದಲು, 2021ರಲ್ಲಿ ಜಾರಿಗೆ ಬಂದ ಗೋಹತ್ಯೆ ಕಾಯ್ದೆ 13 ವರ್ಷ ತುಂಬದ ಎಮ್ಮೆಯನ್ನೂ ತನ್ನ ಪಟ್ಟಿಗೆ ಸೇರಿಸಿಕೊಂಡಿತ್ತು. ಗೊಡ್ಡಾದ ಎಮ್ಮೆಯನ್ನು ಮಾರಿ, ಮೇಲೊಂದಿಷ್ಟು ಸಾಲ ಹಾಕಿ ಹೊಸ ಎಮ್ಮಿ ತರುವುದು ಬಡವರ ಹೈನಿನ ಲೆಕ್ಕ. ಮಾರುವ ಬಾಗಿಲು ಅತ್ತ ಮುಚ್ಚಿತು, ಇತ್ತ ಹಾಲಿನ ಬಾಗಿಲಿಗೆ ನಿಯಮ ಕೂತಿತು. ಎಮ್ಮಿ ಹೊತ್ತ ಮನಿ ಇನ್ನ ಎಮ್ಮಿಯನ್ನೇ ಹೊರಬೇಕು.

*

ಹಾಗಾದರೆ ಯಾವ ನಿಯಮವೂ ಬೇಡವೇ, ಕೂಸುಗಳು ಯೂರಿಯಾ ಕುಡಿಯಬೇಕೇ ಎಂದು ಕೇಳುವವರಿಗೆ ನೇರ ಉತ್ತರ ಕೊಡುತ್ತೇವೆ. ನಮ್ಮ ಕೂಸುಗಳೂ ಅದೇ ಹಾಲು ಕುಡಿಯುತ್ತವೆ. ಹಾಲಿಗೆ ಸಾಬೂನಿನ ಪುಡಿ ಹಾಕಿದವನು ಯಾವ ಜಾತಿಯವನಾದರೂ ಅವನ ಪರ ನಾವು ನಿಲ್ಲುವುದಿಲ್ಲ. ಹಸಿ ಹಾಲಿನಿಂದ ಕ್ಷಯ ಬರಬಹುದು, ದನ ಕಂದು ಹಾಕುವ ರೋಗ ಮನುಷ್ಯರಿಗೂ ತಗಲಬಹುದು. ಅದು ಮೊದಲು ತಗಲುವುದು ಹಿಂಡುವವರಿಗೆ, ಈಯಿಸುವವರಿಗೆ. ಚೆನ್ನಾಗಿ ಉಕ್ಕಿಸಿದರೆ ಈ ರೋಗಾಣು ಸಾಯುತ್ತವೆ. ನಮ್ಮ ಅವ್ವಂದಿರು ಹಾಲು ಉಕ್ಕಿಸದೆ ಯಾರಿಗೂ ಕೊಟ್ಟವರಲ್ಲ. 2019ರಲ್ಲಿ ಸುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ 4ರಿಂದ 8 ತಿಂಗಳ ಹೆಣ್ಣುಗರುಗಳಿಗೆ ಆ ಕಂದು ರೋಗದ ಲಸಿಕೆ ಹಾಕಬೇಕೆಂದಿದೆ. ಲಸಿಕೆಯ ಡಾಕ್ಟರು ಕೇರಿಗೆ ಎಷ್ಟು ಸಲ ಬಂದರು, ನೋಟೀಸಿನವರು ಎಷ್ಟು ಸಲ ಬಂದರು? ಈ ಎರಡು ಲೆಕ್ಕ ಅಕ್ಕಪಕ್ಕ ಬರೆಯಿರಿ. ಸರಕಾರಕ್ಕೆ ಬೇಕಾದದ್ದು ಹಾಲಿನ ಆರೋಗ್ಯವೋ ಹಾಲಿನವರ ಮೇಲೆ ಹಿಡಿತವೋ ತಿಳಿಯುತ್ತದೆ.

ನಂದಿನಿಯ ವಿರುದ್ಧ ಬರೆಯುತ್ತೀರಾ ಎಂದೂ ಕೇಳುತ್ತಾರೆ. 2023ರ ಏಪ್ರಿಲಿನಲ್ಲಿ ಅಮುಲ್ ಬೆಂಗಳೂರಿಗೆ ಬರುತ್ತದೆ ಎಂದಾಗ ನಾಡೆಲ್ಲ ನಂದಿನಿ ನಮ್ಮದು ಎಂದಿತು. ನಾವೂ ಅದನ್ನೇ ಹೇಳುತ್ತೇವೆ. ಹಳ್ಳಿಯ ಹೆಣ್ಣುಮಕ್ಕಳ ಕೈಗೆ ವಾರಕ್ಕೊಮ್ಮೆ ರೊಕ್ಕ ಕಾಣಿಸಿದ ಸಹಕಾರಿಯನ್ನು ಬಂಡವಾಳಗಾರರ ಬಾಯಿಗೆ ಕೊಡುವುದಕ್ಕೆ ನಾವು ಸಿದ್ಧರಿಲ್ಲ. ಆದರೆ ‘ನಮ್ಮದು’ ಎಂದವರು ಆ ‘ನಾವು’ ಯಾರು ಎಂದು ಹೇಳಲಿ. ಗುಜರಾತಿನ ಹಾಲು ಕನ್ನಡದ ಹೊಸ್ತಿಲು ದಾಟಬಾರದು ಎಂದು ಗುಡುಗಿದ ಗಂಟಲುಗಳು ಕೇರಿಯ ಹಾಲು ಸಂಘದ ಹೊಸ್ತಿಲು ದಾಟಲಿ ಎಂದು ಒಂದು ಸಲವಾದರೂ ಕೂಗಲಿ.

*

ಗೆಳೆಯರೇ, ಬೈದು ಸುಮ್ಮನಾಗುವುದಕ್ಕೆ ಇದನ್ನು ಬರೆದಿಲ್ಲ. ನಾವು ಕೇಳುವುದು ಇವು:

ಹೊಲವಿಲ್ಲದೆ ಒಂದೆರಡು ಎಮ್ಮೆ ಸಾಕಿ ಸ್ವಂತ ಹಾಲು ಮಾರುವವರಿಗೆ, ಸಂಘದ ಸದಸ್ಯರಿಗೆ ಕೊಟ್ಟ ಮಾಫಿಯನ್ನೇ ಕೊಡಬೇಕು. ಕೊಡದಿದ್ದರೆ ನೋಂದಣಿಯ ಅಧಿಕಾರಿ ಫೀ ಇಲ್ಲದೆ, ಕನ್ನಡದಲ್ಲಿ, ಕೇರಿಗೆ ಬಂದು ಮಾಡಿಕೊಡಬೇಕು. ಐದು ರೂಪಾಯಿಯ ಪ್ರೋತ್ಸಾಹಧನ ಎಮ್ಮೆಯನ್ನು ನೋಡಿ ಕೊಡಬೇಕು, ಪಾಸ್‌ಬುಕ್ಕು ನೋಡಿ ಅಲ್ಲ. ಪ್ರತಿ ಸಂಘವೂ ದಲಿತ ಸದಸ್ಯರು ಎಷ್ಟು, ಅವರಿಂದ ಕೊಂಡ ಹಾಲು ಎಷ್ಟು, ವಾಪಸು ಕಳಿಸಿದ್ದು ಎಷ್ಟು ಎಂದು ಗೋಡೆಗೆ ಹಚ್ಚಬೇಕು. ಪಾಕೀಟು, ಬಾಟಲಿ, ಕ್ಯಾನು ಮೂರಕ್ಕೂ ಒಂದೇ ಪರೀಕ್ಷೆ, ಒಂದೇ ಕಟ್ಟುನಿಟ್ಟು.

ಇವು ಸಿಗುವ ತನಕ ಕೈಯಲ್ಲಿರುವ ಆಯುಧ ಬಳಸೋಣ. ಮಾದರಿ ತೆಗೆದರೆ ಆ ಹಾಲಿನ ಪೇಟೆ ದರದ ರೊಕ್ಕವನ್ನು ಅಧಿಕಾರಿ ಕೊಡಬೇಕು. ಇದು 38ನೆಯ ಕಲಮು. ಮಾದರಿಯನ್ನು ನಾಲ್ಕು ಪಾಲು ಮಾಡಿ ಮೊಹರು ಹಾಕಬೇಕು. ನಾಲ್ಕನೆಯ ಪಾಲನ್ನು ಮಾನ್ಯತೆ ಪಡೆದ ಬೇರೆ ಪ್ರಯೋಗಾಲಯಕ್ಕೆ ಕಳಿಸಿರಿ ಎಂದು ಕೇಳುವ ಹಕ್ಕು ನಮ್ಮದು. ಇದು 47ನೆಯ ಕಲಮು. ವರದಿ ಒಪ್ಪದಿದ್ದರೆ 30 ದಿನದೊಳಗೆ ಅಪೀಲು. ನೋಂದಣಿಗೆ ಅರ್ಜಿ ಕೊಟ್ಟರೆ 7 ದಿನದೊಳಗೆ ಕೊಡಬೇಕು, ಇಲ್ಲವೇ ಕಾರಣ ಬರೆದು ನಿರಾಕರಿಸಬೇಕು, ಇಲ್ಲವೇ ತಪಾಸಣೆಗೆ ನೋಟೀಸು ಕೊಡಬೇಕು. ಈ ಮೂರರಲ್ಲಿ ಯಾವುದನ್ನೂ ಮಾಡದಿದ್ದರೆ ವ್ಯಾಪಾರ ಸುರು ಮಾಡಬಹುದು ಎಂದು 2011ರ ನಿಯಮವೇ ಹೇಳಿದೆ. ಇವನ್ನೆಲ್ಲ ಒಂದು ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಕ್ಯಾನಿನ ಮುಚ್ಚಳದೊಳಗೆ ಇಟ್ಟುಕೊಳ್ಳೋಣ.

ಹಳ್ಳಿಯ ಮಾಸ್ತರರಿಗೆ ಒಂದು ಮಾತು. ನೀವು 2013ರಿಂದ ಕ್ಷೀರಭಾಗ್ಯದ ಪುಡಿ ಹಾಲನ್ನು ಕೂಸುಗಳಿಗೆ ಹಂಚುತ್ತಾ ಬಂದಿದ್ದೀರಿ. ಸಾಲಿನಲ್ಲಿ ಕೂತು ಲೋಟ ಹಿಡಿದ ಕೂಸಿಗೆ, ಈ ಪುಡಿಯಲ್ಲಿ ನಿನ್ನ ಅವ್ವನ ಎಮ್ಮೆಯ ಹಾಲು ಇದೆಯೇನೇ ಎಂದು ಒಮ್ಮೆ ಕೇಳಿರಿ. ಇಲ್ಲ ಎಂದರೆ ಯಾಕಿಲ್ಲ ಎಂದು ಊರಿನ ಸಂಘಕ್ಕೆ ಹೋಗಿ ಕೇಳಿರಿ. ವಿದ್ಯಾರ್ಥಿ ಗೆಳೆಯರೇ, ನಿಮ್ಮ ಊರಿನ ಸಂಘದ ಸದಸ್ಯರ ಪಟ್ಟಿಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಿರಿ. ಕೊಡದಿದ್ದರೆ ಕೊಡಲಿಲ್ಲ ಎಂದು ಈ ಪತ್ರಿಕೆಗೆ ಬರೆಯಿರಿ. ಕಾರ್ಯಕರ್ತರೇ, ಡಿಗ್ರಿ ಬರಲಿಲ್ಲ ಎಂದು ಕ್ಯಾನು ತಿರುಗಿಸಿದ ಕಡೆ ಇನ್ನೊಂದು ಲ್ಯಾಕ್ಟೋಮೀಟರು ಹಿಡಿದು ಹೋಗಿ ನಿಲ್ಲಿರಿ. ಅದಕ್ಕೆ ಬಹಳ ರೊಕ್ಕ ಬೇಕಾಗಿಲ್ಲ. ಕಡ್ಡಿ ಎಷ್ಟಕ್ಕೆ ನಿಂತಿತು ಎಂದು ಎಲ್ಲರ ಎದುರಿಗೆ ಗಟ್ಟಿಯಾಗಿ ಓದಿರಿ. ಇನ್ನ ಮೇಲೆ ಡಿಗ್ರಿ ಓದುವವರು ನಾವೂ ಇದ್ದೇವೆ.